ಅಮ್ಮನ ಮೂತ್ರದಲ್ಲಿ 1-ಹೈಡ್ರಾಕ್ಸಿಪೈರೀನ್ ಹೆಚ್ಚಂತೆ, ಏನಿದು?

ತೀರ್ಥಹಳ್ಳಿ ಕಡೆಯವ:
ಒಲೆ ಹೊಗೆ ಬಗ್ಗೆ ಅಧ್ಯಯನ ಮಾಡುವವರು ಊರಿಗೆ ಬಂದು ಅಮ್ಮನ ಮೂತ್ರ ತೆಗೆದುಕೊಂಡು ಹೋಗಿದ್ದರು. ಈಗ ಒಂದು ಹಾಳೆ ಕೊಟ್ಟಿದ್ದಾರೆ. 1-ಹೈಡ್ರಾಕ್ಸಿಪೈರೀನ್, ‘ಹೆಚ್ಚು’. ಅಷ್ಟೇ, ಬಿಡಿಸಿ ಹೇಳಿದವರು ಯಾರೂ ಇಲ್ಲ. ಅಡುಗೆಗೆ ಗ್ಯಾಸ್ ಇದೆ, ಸ್ನಾನದ ನೀರಿಗೆ ಮಾತ್ರ ಈಗಲೂ ಬಚ್ಚಲ ಒಲೆ, ಹಂಡೆ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿಲ್ಲ. ಇದು ವಿಷವಾ? ಔಷಧಿ ಕೊಡಿಸಬೇಕಾ? ಗೂಗಲ್ ಮಾಡಿದರೆ ಬರೀ ಕ್ಯಾನ್ಸರ್ ಅಂತಲೇ ಬರುತ್ತದೆ, ರಾತ್ರಿ ನಿದ್ದೆ ಇಲ್ಲ.

ಲ್ಯಾಬಿನವಳು:
ಮೊದಲು ಗೂಗಲ್ ಮುಚ್ಚಿ. ಅದು ಕಾಯಿಲೆಯ ಹೆಸರಲ್ಲ. ಸೌದೆ, ಕಲ್ಲಿದ್ದಲು, ಡೀಸೆಲ್, ತಂಬಾಕು ಯಾವುದೇ ಆಗಲಿ, ಅರೆಬರೆ ಉರಿದಾಗ ಹೊಗೆಯಲ್ಲಿ ಪಿಎಎಚ್ ಅನ್ನುವ ರಾಸಾಯನಿಕಗಳ ದೊಡ್ಡ ಗುಂಪೇ ಬರುತ್ತದೆ. ಪೈರೀನ್ ಅದರಲ್ಲೊಂದು. ಅದು ಮೈಯೊಳಗೆ ಹೋದರೆ ಲಿವರ್ ಅದಕ್ಕೆ ಆಕ್ಸಿಜನ್ ಅಂಟಿಸಿ, ನೀರಲ್ಲಿ ಕರಗುವ ಹಾಗೆ ಮಾಡಿ ಮೂತ್ರಕ್ಕೆ ತಳ್ಳುತ್ತದೆ. ನಿಮ್ಮ ಹಾಳೆಯಲ್ಲಿರುವುದು ಅದೇ. ಹೊರಗೆ ಹೋಗುತ್ತಿರುವ ಕಸ, ಅದಕ್ಕೆ ಔಷಧಿ ಅಂತ ಏನೂ ಇಲ್ಲ.

ಪೈರೀನ್‌ನಿಂದಲೇ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ಪುರಾವೆ ಸಾಲದು. ಆದರೆ ಅದರ ಜೊತೆಗೇ ಬರುವ ಬೆಂಜೊ-ಎ-ಪೈರೀನ್ ಕ್ಯಾನ್ಸರ್ ತರುತ್ತದೆ, ಅದು ಖಚಿತ. ಪೈರೀನನ್ನು ಅಳೆಯುವುದು ಸುಲಭ, ಅದಕ್ಕೇ ಅದನ್ನು ಹಿಡಿದು ಇಡೀ ಗುಂಪಿನ ಅಂದಾಜು ಮಾಡುತ್ತೇವೆ.

ಇನ್ನೊಂದು. ಇದರ ಅರ್ಧ ಭಾಗ ಸುಮಾರು 18 ಗಂಟೆಯಲ್ಲಿ ಹೊರಗೆ ಹೋಗಿರುತ್ತದೆ. ಹಾಗಾಗಿ ಈ ಸಂಖ್ಯೆ ಹೇಳುವುದು ಹಿಂದಿನ ಒಂದೆರಡು ದಿನದ ಕಥೆ ಮಾತ್ರ, ಕೆಂಡದ ಮೇಲೆ ಸುಟ್ಟ ಮಾಂಸ ತಿಂದಿದ್ದರೂ ಏರುತ್ತದೆ. ಕ್ರಿಯಾಟಿನಿನ್ ಲೆಕ್ಕ ಹಾಕಿದ್ದಾರಾ ನೋಡಿ. ಅದು ಮೂತ್ರದಲ್ಲಿ ಹೋಗುವ ಇನ್ನೊಂದು ಕಸ, ಮೂತ್ರ ಎಷ್ಟು ಗಟ್ಟಿ ಇದೆ ಅಂತ ಅದರಿಂದ ಅಂದಾಜು ಮಾಡುತ್ತೇವೆ. ನೀರು ಕಮ್ಮಿ ಕುಡಿದ ದಿನ ಮೂತ್ರ ಗಟ್ಟಿ ಇರುತ್ತದೆ, ಎಲ್ಲವೂ ಜಾಸ್ತಿ ಕಾಣುತ್ತದೆ.

ಹಳೇ ಹಂಡೆ:
ನಮ್ಮಜ್ಜಿ ತೊಂಬತ್ತು ವರ್ಷ ಬದುಕಿದ್ದಳು, ಪೂರ್ತಿ ಒಲೆ ಮುಂದೆ. ಸುಮ್ನೆ ಹೆದರಿಸಬೇಡಿ.

ಲ್ಯಾಬಿನವಳು:
ಅಜ್ಜಿಗೆ ಕೆಮ್ಮು ಇರಲಿಲ್ವಾ? ಕಣ್ಣುರಿ?

ಹಳೇ ಹಂಡೆ:
ಕೆಮ್ಮು ಇತ್ತು. ಅದು ವಯಸ್ಸಿನದು ಅಂದುಕೊಂಡಿದ್ದೆವು.

ಸಾಗರದ ಅಕ್ಕ:
ತಮ್ಮಾ, ಬೆಂಕಿ ಹತ್ತಿಸೋಕೆ ಏನು ಹಾಕ್ತಾರೆ ಅಂತ ಅಮ್ಮನ್ನ ಕೇಳು. ಮಳೆಗಾಲದಲ್ಲಿ ಸೌದೆ ಹತ್ತುವುದಿಲ್ಲ ಅಂತ ನಾವೂ ಹಾಲಿನ ಕವರ್ರು, ಸೈಕಲ್ ಟ್ಯೂಬಿನ ತುಂಡು ಹಾಕಿ, ಊದುಗೊಳವೆ ಹಿಡಿದು, ಮುಖ ಒಲೆಬಾಯಿಗೇ ಕೊಟ್ಟು ಊದುತ್ತಿದ್ದೆವು. ಮೊದಲ ಹತ್ತು ನಿಮಿಷದ್ದೇ ಹೊಗೆ. ಈಗ ಸೌದೆ ಬೇಸಿಗೆಯಲ್ಲೇ ಅಟ್ಟಕ್ಕೆ ಹೋಗುತ್ತದೆ, ಹತ್ತಿಸುವುದಕ್ಕೆ ಒಣ ಸೋಗೆ, ತೆಂಗಿನ ಗರಟ. ಹೊಗೆ ಹೋಗೋಕೆ ಮಾಡಿನ ಮೇಲಿನವರೆಗೆ ಕೊಳವೆ ಹಾಕಿಸಿದ್ದೇವೆ.

ತೀರ್ಥಹಳ್ಳಿ ಕಡೆಯವ:
ಕೇಳಿದೆ ಅಕ್ಕಾ. ಟ್ಯೂಬೇ ಅಂತೆ. ಇನ್ನೂ ಒಂದು ಗೊತ್ತಾಯಿತು, ಮೂತ್ರ ಕೊಟ್ಟಿದ್ದು ಅಡಿಕೆ ಬೇಯಿಸುವ ಕಾಲದಲ್ಲಿ. ಹಿಂದಿನ ದಿನ ಸಂಜೆಯೆಲ್ಲ ಅಮ್ಮ ಆ ದೊಡ್ಡ ಒಲೆ ಮುಂದೆ ಇದ್ದಳಂತೆ. ಹಾಳೆಯಲ್ಲಿ ಅದರ ಸುದ್ದಿಯೇ ಇಲ್ಲ. ಕ್ರಿಯಾಟಿನಿನ್ ಹೆಸರೂ ಇಲ್ಲ. ಟ್ಯೂಬನ್ನಂತೂ ನಾನೇ ಎತ್ತಿ ಹೊರಗೆ ಹಾಕಿದೆ. ಅವರು ಮತ್ತೆ ಬಂದರೆ ಒಲೆ ಹಚ್ಚದ ದಿನ ನೋಡಿ ಕೊಡ್ತೀನಿ ಬಿಡು ಅಂತಾಳೆ ಅಮ್ಮ, ಮಾರ್ಕ್ಸ್ ಕಮ್ಮಿ ಬಂದ ಹುಡುಗಿ ಹಾಗೆ.