ಸಹಾಯ ಬೇಕು: ಹಲಸಿನ ದಿಮ್ಮಿ ಒಡೆಯಲು ಯಾವ ಬೆಣೆ ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಉಡುಪಿಯ ಹಿರಿಯಡ್ಕ ಕಡೆ. ಬಚ್ಚಲಿನ ಹಂಡೆಗೆ ಈಗಲೂ ಕಟ್ಟಿಗೆಯೇ ಬೇಕು. ಮಳೆಗೆ ಮೊದಲು ಒಡೆದು ಒಣಗಿಸದಿದ್ದರೆ ಜೂನ್‌ನಿಂದ ಬರೀ ಹೊಗೆ. ಅಮ್ಮನಿಗೆ ಉಬ್ಬಸ ಇದೆ, ಈ ಸಲ ಹಸಿ ಕಟ್ಟಿಗೆ ಉರಿಸುವ ಹಾಗೇ ಇಲ್ಲ.

ಅಂಗಳದಲ್ಲಿ ಅಕೇಶಿಯಾ, ಹಲಸು ಎರಡೂ ಇವೆ. ಅಕೇಶಿಯಾ ನೇರ ಇದ್ದರೆ ಕೊಡಲಿಗೇ ಸೀಳುತ್ತದೆ. ತೊಂದರೆ ಹಲಸಿನ ಬುಡದ ತುಂಡುಗಳದ್ದು. ಗಂಟು ಜಾಸ್ತಿ. ಮೊನ್ನೆ ಅಜ್ಜನ ಕಾಲದ ಕಬ್ಬಿಣದ ಬೆಣೆ ಹೊಡೆದೆ, ಅರ್ಧಕ್ಕೆ ಇಳಿದು ಕಚ್ಚಿಕೊಂಡಿತು. ಬಿಡಿಸಲು ಪಕ್ಕದಲ್ಲಿ ಇನ್ನೊಂದು ಹೊಡೆಯಬೇಕಾಯಿತು. ಅದರ ತಲೆ ಏಟು ತಿಂದು ಅಣಬೆಯ ಹಾಗೆ ಅರಳಿದೆ. ಅಂಚಿನ ಚೂರು ಸಿಡಿದು ಕಣ್ಣಿಗೆ ಬಿದ್ದರೆ ಗತಿಯೇನು ಅಂತ ಹೆದರಿ ನಿಲ್ಲಿಸಿದೆ. ಗ್ರೈಂಡರ್‌ನಲ್ಲಿ ಸವರಿಸಿದ ಮೇಲೆಯೇ ಇನ್ನು ಅದನ್ನು ಮುಟ್ಟುವುದು.

ಹೊಸದು ಕೊಳ್ಳಬೇಕು. ತೆಳು ಬೆಣೆ ಸುಲಭವಾಗಿ ಇಳಿಯುತ್ತದೆ, ಆದರೆ ಮರವನ್ನು ಅಗಲಿಸುವುದು ಕಡಿಮೆ. ದಪ್ಪದ್ದು ಚೆನ್ನಾಗಿ ಅಗಲಿಸುತ್ತದೆ, ಮೊದಲ ಏಟಿಗೆ ಮಾತ್ರ ಪುಟಿದು ಹೊರಗೆ ಬೀಳುತ್ತದೆ. ನಾಲ್ಕು ಅಂಚಿನದ್ದನ್ನೂ ಅಂಗಡಿಯಲ್ಲಿ ನೋಡಿದೆ. ಗಂಟಿನ ಹಲಸಿಗೆ ಅದನ್ನು ಇಳಿಸಲು ಇನ್ನೂ ಜಾಸ್ತಿ ಬಲ ಬೇಕಲ್ವಾ? ಡ್ರಿಲ್‌ಗೆ ಸಿಕ್ಕಿಸುವ ಸ್ಕ್ರೂ ಥರದ್ದು ಬೇಡ. ಗಂಟಿಗೆ ಸಿಕ್ಕಿದರೆ ಕೈಯನ್ನೇ ತಿರುಚಿಬಿಡುತ್ತದೆ.

ಹಲಸು ಒಡೆದ ಅನುಭವ ಇರುವ ಅಣ್ಣಂದಿರು, ಅಕ್ಕಂದಿರು ದಯವಿಟ್ಟು ಹೇಳಿ. ಎಷ್ಟು ಕೆಜಿಯ ಬೆಣೆ, ಎಷ್ಟು ಕೆಜಿಯ ಸುತ್ತಿಗೆ? ಹಸಿ ಇರುವಾಗಲೇ ಒಡೆಯಲಾ, ಬಿರುಕು ಬಿಡುವ ತನಕ ಕಾಯಲಾ? ಹತ್ತಿರದಲ್ಲಿ ಬೆಣೆ ಮಾಡಿಕೊಡುವ ಕುಲುಮೆ ಗೊತ್ತಿದ್ದರೆ ಅದನ್ನೂ ತಿಳಿಸಿ.