ಪೈ 4ರಲ್ಲಿ ಪಿಎಸ್‌ಪಿ ಗೇಮ್ ತಡವರಿಸುತ್ತಿದೆ, ಪೈ 5 ತಗೊಳ್ಳಬೇಕಾ?

ಬೆಟಗೇರಿ_ಹುಡುಗ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 4 ಜಿಬಿ ರಾಸ್ಪ್‌ಬೆರಿ ಪೈ 4 (ಅಂಗೈಯಷ್ಟು ಸಣ್ಣ ಕಂಪ್ಯೂಟರ್ ಬೋರ್ಡ್) ಇದೆ, ಹಳೇ ಗೇಮ್ ಓಡಿಸುವ ರೆಟ್ರೋಪೈ ಹಾಕಿದ್ದೇನೆ. ಸೂಪರ್ ನಿಂಟೆಂಡೊ, ಮೊದಲನೇ ಪ್ಲೇಸ್ಟೇಷನ್ ಗೇಮ್ ಎಲ್ಲಾ ಆರಾಮಾಗಿ ಓಡುತ್ತವೆ. ಪಿಎಸ್‌ಪಿ (ಸೋನಿಯ ಕೈಯಲ್ಲಿ ಹಿಡಿದು ಆಡುವ ಕನ್ಸೋಲ್) ರೇಸಿಂಗ್ ಗೇಮ್ ಹಾಕಿದರೆ ಸ್ವಲ್ಪ ಹೊತ್ತು ಸರಿ, ಆಮೇಲೆ ಧ್ವನಿ ಕರಕರ ಅನ್ನುತ್ತದೆ, ಕಾರು ಗೋಡೆಗೆ ಬಡಿದ ಮೇಲೆ ತಿರುವು ಕಾಣಿಸುತ್ತದೆ. ಟಿವಿಯ ಬಲಗಡೆ ಮೇಲ್ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬಂದು ಬಂದು ಹೋಗುತ್ತದೆ. ಚಾರ್ಜರ್ ಮೊಬೈಲ್ ಜೊತೆ ಬಂದದ್ದು, 33 ವ್ಯಾಟ್, ಹಾಗಾಗಿ ಪವರ್ ತೊಂದರೆ ಇರಲಾರದು. ಬೋರ್ಡಿಗೇ ತಾಕತ್ತು ಸಾಲುತ್ತಿಲ್ಲವಾ? ಅಣ್ಣನ ಮಗ ಬೇರೆ "ಕಾಕಾ, ಇದ್ರಾಗ ಜಿಟಿಎ 5 ಹಾಕಿಕೊಡು" ಅಂತ ಬೆನ್ನು ಬಿದ್ದಿದ್ದಾನೆ.

ವಿದ್ಯಾನಗರ_ಸೋಲ್ಡರ್:
ಪೈ 5 ಮಾತು ಆಮೇಲೆ ರೀ. ಬೋರ್ಡಿಗೆ ಸಿಗುವ ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗಿಳಿದರೆ ಆ ಮಿಂಚು ಬರುತ್ತದೆ, ಆಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. 33 ವ್ಯಾಟ್ ಅನ್ನೋದನ್ನ ನಂಬಿ ಕೂರಬೇಡಿ, ಚಾರ್ಜರ್ ಮೇಲಿನ ಸಣ್ಣ ಅಕ್ಷರ ಓದಿ: 5 ವೋಲ್ಟಿನ ಮುಂದೆ ಎಷ್ಟು ಆಂಪಿಯರ್ ಅಂತಿದೆ? ಮೊಬೈಲ್ ಚಾರ್ಜರ್‌ಗಳು ಆ ದೊಡ್ಡ ವ್ಯಾಟ್ ಕೊಡುವುದು 9 ಅಥವಾ 11 ವೋಲ್ಟಿನಲ್ಲಿ, ಅದೂ ಮೊಬೈಲ್ ಕೇಳಿದಾಗ. ಪೈ 4 ಅದನ್ನು ಕೇಳುವುದೇ ಇಲ್ಲ. ಅದಕ್ಕೆ ಬೇಕಾಗಿರುವುದು 5 ವೋಲ್ಟಿನಲ್ಲೇ 3 ಆಂಪಿಯರ್. ಗೇಮ್ ತಡವರಿಸುವಾಗಲೇ ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮಾಡಿ (ನೆಟ್‌ವರ್ಕ್ ಮೂಲಕ ಪೈ ಒಳಗೆ ಹೋಗಿ) 'ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್' (vcgencmd get_throttled) ಕಮಾಂಡ್ ಕೊಟ್ಟು ನೋಡಿ.

ಬೆಟಗೇರಿ_ಹುಡುಗ:
5 ವೋಲ್ಟ್ 2 ಆಂಪಿಯರ್ ಅಂತಿದೆ! ಕಮಾಂಡ್ ಕೊಟ್ಟರೆ 0ಎಕ್ಸ್50005 ಬಂತು.

ವಿದ್ಯಾನಗರ_ಸೋಲ್ಡರ್:
ಕೊನೆಯ 5 ಅಂದರೆ ಈಗ ಈ ಕ್ಷಣಕ್ಕೆ ವೋಲ್ಟೇಜ್ ಕಡಿಮೆ, ವೇಗವೂ ಇಳಿದಿದೆ. ಮೊದಲಿನ 5 ಅಂದರೆ ಆನ್ ಮಾಡಿದಾಗಿನಿಂದ ಒಮ್ಮೆಯಾದರೂ ಹಾಗಾಗಿದೆ. ಪೈಗೆಂದೇ ಬರುವ 15 ವ್ಯಾಟಿನ ಅಡಾಪ್ಟರ್ ತರಿಸಿ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ಸುಮ್ನೆ 'ಟೈಪ್ ಸಿ ಚಾರ್ಜರ್' ಅಂತ ಕೇಳಿದರೆ ಮತ್ತೆ ಮೊಬೈಲ್‌ದೇ ಕೈಗೆ ಬರುತ್ತದೆ. ತೆಳ್ಳನೆ ಉದ್ದ ಕೇಬಲ್ ಕೂಡ ಬೇಡ, ವೋಲ್ಟೇಜ್ ದಾರಿಯಲ್ಲೇ ಅರ್ಧ ಸೋರುತ್ತದೆ ಅನ್ನುವಷ್ಟು ಕೆಟ್ಟವು ಸಿಗುತ್ತವೆ.

ಲೈನ್‌ಬಜಾರ್_ಪೇಢಾ:
ಜಿಟಿಎ 5 ಆಸೆ ಬಿಡಿ. ಅದರ ಪಿಸಿ ಆವೃತ್ತಿ ವಿಂಡೋಸಿಗೆ, ಇಂಟೆಲ್-ಎಎಂಡಿ ಪ್ರೊಸೆಸರಿಗೆ ಬರೆದದ್ದು. ಪೈದು ಬೇರೆ ಜಾತಿಯ ಆರ್ಮ್ ಪ್ರೊಸೆಸರ್. ಪಿಸಿ ಪ್ರೋಗ್ರಾಮನ್ನು ಆರ್ಮ್ ಮೇಲೆ ಓಡಿಸುವ ಬಾಕ್ಸ್64 ಹಾಕಿ ಸಣ್ಣಪುಟ್ಟ ಪಿಸಿ ಗೇಮ್ ಓಡಿಸುವವರಿದ್ದಾರೆ, ಆದರೆ ಇಷ್ಟು ದೊಡ್ಡದಕ್ಕೆ ಗ್ರಾಫಿಕ್ಸ್ ಎಲ್ಲಿಂದ ತರ್ತೀರಿ? ಮನೆಯಲ್ಲಿ ಒಳ್ಳೆ ಪಿಸಿ ಇದ್ದರೆ ಗೇಮ್ ಅಲ್ಲೇ ಓಡಲಿ, ಪೈ ಮೇಲೆ ಸ್ಟೀಮ್ ಲಿಂಕ್ (ಪಿಸಿಯ ಗೇಮ್ ಚಿತ್ರವನ್ನು ನೆಟ್‌ವರ್ಕಿನಲ್ಲಿ ತರಿಸುವ ಆಪ್) ಹಾಕಿ ಟಿವಿಯಲ್ಲಿ ಆಡಿ. ಆಗ ಪೈಗೆ ವಿಡಿಯೋ ಬಿಚ್ಚಿ ತೋರಿಸುವ ಕೆಲಸ ಅಷ್ಟೇ. ಎರಡಕ್ಕೂ ಲ್ಯಾನ್ ಕೇಬಲ್ ಎಳೆಯಿರಿ, ಗೋಡೆ ದಾಟಿ ಬರುವ ವೈಫೈಯಲ್ಲಿ ಆಡಿದರೆ ಹುಡುಗ ರಿಮೋಟ್ ಬಿಸಾಡ್ತಾನೆ.

ಬೆಟಗೇರಿ_ಹುಡುಗ:
ಪಿಸಿ ಇಲ್ಲ, ಅವನಿಗೆ ಹೇಳಿ ಆಯ್ತು, ಮುಖ ಊದಿಸಿಕೊಂಡಿದ್ದಾನೆ. ಹೊಸ ಅಡಾಪ್ಟರ್ ಬಂತು. ಮಿಂಚು ಮಾಯ, ಧ್ವನಿ ಸರಿಯಾಯ್ತು. ಆದರೆ ಮಧ್ಯಾಹ್ನ ಆಡಿದರೆ ಅರ್ಧ ಗಂಟೆಗೆ ಮತ್ತೆ ನಿಧಾನ, ರಾತ್ರಿ ಅಷ್ಟು ಇಲ್ಲ. ಉಷ್ಣತೆ 82 ಅಂತ ತೋರಿಸುತ್ತಿದೆ.

ವಿದ್ಯಾನಗರ_ಸೋಲ್ಡರ್:
80 ಡಿಗ್ರಿ ದಾಟಿದರೆ ಪೈ ವೇಗ ಇಳಿಸುತ್ತದೆ, ಗದಗಿನ ಏಪ್ರಿಲ್ ಮಧ್ಯಾಹ್ನಕ್ಕೆ ಮುಚ್ಚಿದ ಪ್ಲಾಸ್ಟಿಕ್ ಕೇಸ್ ಇದ್ದರೆ ಇನ್ನೇನಾಗುತ್ತದೆ. ಸದ್ಯಕ್ಕೆ ಮುಚ್ಚಳ ತೆಗೆದು ಆಡಿ. ಆಮೇಲೆ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಜೊತೆ ಸಣ್ಣ ಫ್ಯಾನ್ ಹಾಕಿ. ಪಿಎಸ್‌ಪಿ ಗೇಮ್ ಓಡಿಸುವ ಪಿಪಿಎಸ್‌ಎಸ್‌ಪಿಪಿಯಲ್ಲಿ ರೆಂಡರಿಂಗ್ ರೆಸಲ್ಯೂಷನ್ (ಚಿತ್ರ ಬಿಡಿಸುವ ಅಳತೆ) ಇಳಿಸಿ 1 ಪಟ್ಟು ಮಾಡಿ, ಪಿಎಸ್‌ಪಿ ಪರದೆಯೇ 480x272 ಅಲ್ವಾ. ಟಿವಿ 4ಕೆ ಆಗಿದ್ದರೆ ಪೈ ಔಟ್‌ಪುಟ್ 1080ಕ್ಕೆ ಇಡಿ.

ಪೈ 5 ಜಾಸ್ತಿ ಜೋರು, ನಿಜ. 2.4 ಗಿಗಾಹರ್ಟ್ಜ್, ನಿಮ್ಮದು 1.5. ಆದರೆ ಅದು 5 ವೋಲ್ಟಿನಲ್ಲಿ 5 ಆಂಪಿಯರ್ ಅಡಾಪ್ಟರ್ ಕೇಳುತ್ತದೆ, ಕೂಲರ್ ಬೇರೆ ಬೇಕು. ಬರೀ ಗೇಮಿಗೆ ಅಷ್ಟು ದುಡ್ಡು ಹಾಕುವುದಾದರೆ ನಾನಂತೂ ಆಫೀಸಿನಿಂದ ಹೊರಬಿದ್ದ ಹಳೇ ಡೆಸ್ಕ್‌ಟಾಪ್ ಹುಡುಕುತ್ತೇನೆ.

ಬೆಟಗೇರಿ_ಹುಡುಗ:
1 ಪಟ್ಟು ಮಾಡಿ ಮುಚ್ಚಳ ತೆಗೆದೆ. 71 ದಾಟುತ್ತಿಲ್ಲ. ಫ್ಯಾನ್ ಆರ್ಡರ್ ಹಾಕಿದ್ದೇನೆ, ಪೈ 5 ಸದ್ಯಕ್ಕೆ ಬೇಡ. ಥ್ಯಾಂಕ್ಸ್ ಇಬ್ಬರಿಗೂ.