ಒಂದೇ ಕಂಪನಿ, ಒಂದೇ ಮಾಡೆಲ್: ಹಳೇ ಬಾಕ್ 37 ಟ್ರಂಪೆಟ್ಟಿನ ದನಿ ಯಾಕೆ ಕಟ್ಟಿಕೊಂಡಿದೆ?

ಮಂಗಲಪೇಟ ಬ್ಯೂಗಲ್ (ಬೀದರ್):
ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಎರಡು ಟ್ರಂಪೆಟ್ ಇವೆ. ಎರಡೂ ಬಾಕ್ ಸ್ಟ್ರಾಡಿವೇರಿಯಸ್, ಮಾಡೆಲ್ 180, ಬೆಲ್ (ಮುಂದಿನ ಅರಳಿದ ತುದಿ) 37, ಬೋರ್ (ಕೊಳವೆಯ ಒಳ ಅಗಲ) ಎಂಎಲ್, ಅಂದರೆ ಮೀಡಿಯಂ ಲಾರ್ಜ್. ಒಂದು ಮಿಲಿಟರಿ ಬ್ಯಾಂಡಿನಲ್ಲಿದ್ದ ನಮ್ಮ ಮಾವನದು, 1970ರ ದಶಕದ್ದು. ಇನ್ನೊಂದು ದುಬೈನಲ್ಲಿರುವ ಅಣ್ಣ ತಂದುಕೊಟ್ಟದ್ದು, 2010ರ ನಂತರದ್ದು. ಚರ್ಚಿನಲ್ಲೂ ಲಗ್ನದ ಬ್ಯಾಂಡಿನಲ್ಲೂ ಊದುತ್ತೇನೆ.

ಎರಡರಲ್ಲಿ ಒಂದನ್ನು ಮಾರಬೇಕು. ಯಾರನ್ನು ಕೇಳಿದರೂ "ಹಳೇದನ್ನು ಇಟ್ಕೊ, ಆ ಕಾಲದ ಬಾಕ್ ಈಗ ಸಿಗಲ್ಲ" ಅಂತಾರೆ. ಆದರೆ ನನ್ನ ಕೈಯಲ್ಲಿ ಹಳೇದೇ ಕೆಟ್ಟದಾಗಿ ನುಡಿಯುತ್ತಿದೆ. ಊದಿದರೆ ಗಾಳಿ ಎದುರು ತಳ್ಳುತ್ತದೆ, ದನಿ ಕಟ್ಟಿಕೊಂಡ ಹಾಗೆ ಬರುತ್ತದೆ. ಹೊಸದು ಅದೇ 7ಸಿ ಮೌತ್‌ಪೀಸಿನಲ್ಲಿ ಸಲೀಸಾಗಿ ನುಡಿಯುತ್ತದೆ. ಸಾಲದ್ದಕ್ಕೆ ಹಳೇದು ಚರ್ಚಿನ ಹಾರ್ಮೋನಿಯಂಗಿಂತ ಏರು ಸ್ವರ ಬರುತ್ತಿದೆ.

ಇದು ಕಾಲದ ವ್ಯತ್ಯಾಸವೋ, ಬೇರೆ ಏನಾದರೂ ಕೆಟ್ಟಿದೆಯೋ? ಬೆರಳಿಂದ ಒತ್ತುವ ಎರಡನೇ ವಾಲ್ವಿನೊಳಗೆ ಏರಿಳಿಯುವ ಪಿಸ್ಟನ್ ಹೊಸದರಿಂದ ತೆಗೆದು ಹಳೇದಕ್ಕೆ ಹಾಕಿ ನೋಡಬಹುದಾ?

ಶಹಾಪುರ ಶೆಹನಾಯಿ (ಯಾದಗಿರಿ):
ಅಣ್ಣಾ, ಹಳೇದು ಮೌಂಟ್ ವರ್ನನ್ (ಬಾಕ್‌ನ ಹಿಂದಿನ ಕಾರ್ಖಾನೆ ಇದ್ದ ಊರು) ಇರಬಹುದು ನೋಡು. ಹಾಗಿದ್ದರೆ ಮಾರಬೇಡ. ಸಿಕ್ಕಾಪಟ್ಟೆ ರೇಟು ಅಂತೆ.

ಬ್ರಹ್ಮಪುರ ರಿಪೇರಿ (ಕಲಬುರಗಿ):
ಮೊದಲು ಪಿಸ್ಟನ್ ವಿಷಯ. ಅದೊಂದು ಕೆಲಸ ಮಾಡಬೇಡ್ರಿ. ಪ್ರತಿ ಪಿಸ್ಟನ್ನನ್ನು ಅದರದೇ ಕೇಸಿಂಗಿಗೆ, ಅಂದರೆ ಹೊರಗಿನ ಕೊಳವೆಗೆ, ಉಜ್ಜಿ ಕೂರಿಸಿರುತ್ತಾರೆ. ಒಂದೇ ಟ್ರಂಪೆಟ್ಟಿನ 1 ಮತ್ತು 2ನ್ನು ಅದಲು ಬದಲು ಮಾಡಿದರೂ ನಡೆಯಲ್ಲ, ಇನ್ನು ನಲವತ್ತು ವರ್ಷ ಅಂತರದ ಎರಡು ವಾದ್ಯದ ನಡುವೆ ಎಲ್ಲಿಂದ ನಡೆಯಬೇಕು? ಒಳಗೆ ಸಿಕ್ಕಿಕೊಂಡರೆ ಎರಡಕ್ಕೂ ಗೀರು.

ಶಹಾಪುರದ ತಮ್ಮನಿಗೆ: 1970ರ ದಶಕದ್ದು ಮೌಂಟ್ ವರ್ನನ್ ಆಗಲ್ಲಪ್ಪ. ವಿನ್ಸೆಂಟ್ ಬಾಕ್ 1890ರಲ್ಲಿ ವಿಯೆನ್ನಾ ಹತ್ತಿರದ ಬಾಡೆನ್ ಊರಲ್ಲಿ ಹುಟ್ಟಿದವರು. ನ್ಯೂಯಾರ್ಕಿಗೆ ಹೋಗಿ 1918ರಲ್ಲಿ ಮೌತ್‌ಪೀಸ್ ಮಾಡೋಕೆ ಶುರು ಮಾಡಿದರು, 1924ರಲ್ಲಿ ಟ್ರಂಪೆಟ್. ಮೌಂಟ್ ವರ್ನನ್‌ಗೆ ಕಾರ್ಖಾನೆ ಹೋದದ್ದು 1953ರಲ್ಲಿ. 1961ರಲ್ಲಿ ಅವರು ಕಂಪನಿಯನ್ನು ಸೆಲ್ಮರ್ ಅನ್ನೋ ಇನ್ನೊಂದು ವಾದ್ಯ ಕಂಪನಿಗೆ ಮಾರಿದರು, 1965ರ ಹೊತ್ತಿಗೆ ಕೆಲಸವೆಲ್ಲ ಇಂಡಿಯಾನಾದ ಎಲ್ಕಾರ್ಟ್‌ಗೆ ಹೋಯಿತು. ಅಂದರೆ ಬೀದರಿನ ಎರಡೂ ಎಲ್ಕಾರ್ಟ್ ವಾದ್ಯಗಳೇ. ಬೆಲ್ ಮೇಲಿನ ಅಕ್ಷರ ಓದಿ, ಎರಡನೇ ವಾಲ್ವಿನ ಕೇಸಿಂಗ್ ಮೇಲಿನ ಸೀರಿಯಲ್ ನಂಬರ್ ನೋಡಿ. ಮಾರುವವರ ಬಾಯಿಮಾತಿಗಿಂತ ಅದು ಗಟ್ಟಿ.

ಇನ್ನು ನಿಮ್ಮ ತೊಂದರೆ. ಎರಡರ ಲೆಕ್ಕವೂ ಕಾಗದದ ಮೇಲೆ ಒಂದೇ. ಬೋರ್ 0.459 ಇಂಚು, ಅಂದರೆ 11.66 ಮಿಲಿಮೀಟರ್. ಕಾಲ ಬದಲಾದ ಹಾಗೆ ಕೆಲಸಗಾರರ ಕೈ, ಕಾರ್ಖಾನೆಯ ಮಷೀನು ಬದಲಾಗುತ್ತವೆ, ಸ್ವಭಾವದಲ್ಲಿ ಸ್ವಲ್ಪ ಫರಕು ಬರುತ್ತದೆ, ಒಪ್ಪಿದೆ. ಆದರೆ "ಗಾಳಿ ಎದುರು ತಳ್ಳುತ್ತದೆ" ಅನ್ನೋ ಮಟ್ಟದ ಫರಕು ಕಾಲದಿಂದ ಬರಲ್ಲ. ಸವೆತ, ಸೋರಿಕೆ, ಇಲ್ಲವೇ ಯಾರೋ ಮಾಡಿದ ರಿಪೇರಿಯಿಂದ ಬರುತ್ತದೆ. ಹಂಗಾಗಿ ಯಾವ ಕಾಲದ್ದು ಮೇಲು ಅನ್ನೋ ಮಾತು ಆಮೇಲೆ.

ಒಂದು ಪ್ರಶ್ನೆ. ಯಾವ ಬೆರಳೂ ಒತ್ತದೆ ಕೆಳಗಿನ ಸಿ ಊದಿ. ಆಮೇಲೆ ಮೂರೂ ಒತ್ತಿ ಸಿ ಶಾರ್ಪ್ ಊದಿ. ಯಾವುದು ಸಲೀಸು?

ಮಂಗಲಪೇಟ ಬ್ಯೂಗಲ್:
ಸೀರಿಯಲ್ ನಂಬರ್ ಹುಡುಕಿದೆ, ನೀವು ಹೇಳಿದ ಹಾಗೆ ಎಲ್ಕಾರ್ಟೇ. ಬೆಲ್ ಮೇಲೂ ಹಾಗೇ ಬರೆದಿದೆ.

ನಿಮ್ಮ ಪ್ರಶ್ನೆಗೆ ಉತ್ತರ ವಿಚಿತ್ರವಾಗಿದೆ. ಹಳೇದರಲ್ಲಿ ಮೂರೂ ಒತ್ತಿದರೆ ಸಲೀಸು! ಒತ್ತದೆ ಊದಿದರೇ ಕಟ್ಟಿಕೊಳ್ಳುತ್ತದೆ. ಹೊಸದರಲ್ಲಿ ಉಲ್ಟಾ, ಒತ್ತದ ಸ್ವರವೇ ಚೆನ್ನಾಗಿದೆ.

ಬ್ರಹ್ಮಪುರ ರಿಪೇರಿ:
ಸಿಕ್ಕಿತು ನೋಡಿ. ಮೂರೂ ಒತ್ತಿದಾಗ ಕೊಳವೆ ಉದ್ದವಾಗುತ್ತದೆ, ತಿರುವು ಜಾಸ್ತಿಯಾಗುತ್ತದೆ. ಸರಿಯಿರುವ ಟ್ರಂಪೆಟ್ಟಿನಲ್ಲಿ ಅದೇ ಸ್ವಲ್ಪ ಬಿಗಿ ಇರಬೇಕು. ನಿಮ್ಮದರಲ್ಲಿ ಒತ್ತದಿದ್ದಾಗ ಬಿಗಿ ಅಂದರೆ, ಪಿಸ್ಟನ್ ಮೇಲೆ ಬಂದು ನಿಲ್ಲುವ ಜಾಗ ತಪ್ಪಿದೆ. ಪಿಸ್ಟನ್ನಿನ ತೂತು, ಕೇಸಿಂಗಿನ ತೂತು ಎದುರು ಬದುರಾಗಿ ಕೂರುತ್ತಿಲ್ಲ.

ಪಿಸ್ಟನ್ ಮೇಲೆ ಎಲ್ಲಿ ನಿಲ್ಲಬೇಕು ಅನ್ನೋದನ್ನು ಅದರ ತಲೆಯ ಮೇಲಿರುವ ಫೆಲ್ಟ್ (ಉಣ್ಣೆಯ ಮೆತ್ತೆ) ಅಥವಾ ಕಾರ್ಕ್ ನಿರ್ಧರಿಸುತ್ತದೆ. ಅದು ಹೋಗಿ ಮೇಲಿನ ಮುಚ್ಚಳಕ್ಕೆ ತಾಗುತ್ತದೆ. ಅದು ದಪ್ಪವಾದರೆ ಪಿಸ್ಟನ್ ಕೆಳಗೇ ನಿಲ್ಲುತ್ತದೆ, ತೆಳುವಾದರೆ ಮೇಲೇರಿಬಿಡುತ್ತದೆ. ಬೆರಳಿನ ಗುಂಡಿಯ ಕೆಳಗಿರುವ ಇನ್ನೊಂದು ಫೆಲ್ಟ್ ಬೇರೆ ಕೆಲಸದ್ದು, ಒತ್ತಿದಾಗ ಎಷ್ಟು ಕೆಳಗೆ ಹೋಗಬೇಕು ಅನ್ನೋದಕ್ಕೆ. ನಿಮ್ಮ ತೊಂದರೆ ಮೊದಲನೆಯದರಲ್ಲಿದೆ ಅನ್ಸುತ್ತೆ.

ಕಣ್ಣಾರೆ ನೋಡಬಹುದು. ಟ್ಯೂನಿಂಗ್ ಸ್ಲೈಡ್ (ಸ್ವರ ಹೊಂದಿಸಲು ಎಳೆಯುವ ಬಾಗಿದ ಕೊಳವೆ) ಪೂರ್ತಿ ಹೊರಗೆ ಎಳೆಯಿರಿ. ಟ್ರಂಪೆಟ್ಟಿನಲ್ಲಿ ಗಾಳಿ ಮೊದಲು ಹೋಗೋದು ಮೂರನೇ ವಾಲ್ವಿಗೆ. ಸ್ಲೈಡ್ ಕೂರುವ ಎರಡು ಕೊಳವೆಯಲ್ಲಿ ಕೆಳಗಿನದು ನೇರ ಅಲ್ಲಿಗೇ ಹೋಗುತ್ತದೆ. ಅದರೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ವಾಲ್ವ್ ಮುಟ್ಟಬೇಡಿ. ಸರಿಯಿದ್ದರೆ ತೂತು ದುಂಡಗೆ ಕಾಣಬೇಕು. ಅಂಚಿನಲ್ಲಿ ಬಿದಿಗೆ ಚಂದ್ರನ ಹಾಗೆ ಪಿಸ್ಟನ್ನಿನ ಗೋಡೆ ಹೊಳೆದರೆ ಅದೇ ಅಡ್ಡ. ಹೊಸದನ್ನೂ ಹಾಗೇ ನೋಡಿ, ಪಕ್ಕಪಕ್ಕ ಫೋಟೋ ತೆಗೆದುಕೊಳ್ಳಿ.

ಅದರ ಜೊತೆ ಸೋರಿಕೆಯನ್ನೂ ನೋಡಿಬಿಡಿ. ಎರಡನೇ ವಾಲ್ವಿನ ಸಣ್ಣ ಸ್ಲೈಡನ್ನು ವಾಲ್ವ್ ಒತ್ತದೆ ಸ್ವಲ್ಪ ಎಳೆದು, ಎರಡು ಮೂರು ಸೆಕೆಂಡ್ ನಿಂತು ವಾಲ್ವ್ ಒತ್ತಿ. ಟಪ್ ಅಂತ ಸದ್ದು ಬಂದರೆ ಪಿಸ್ಟನ್ ಬಿಗಿ ಇದೆ. ಸದ್ದೇ ಇಲ್ಲ ಅಂದರೆ ಗಾಳಿ ಸೋರುತ್ತಿದೆ. ನೀರು ಬಿಡುವ ಕೀಲಿಯ ಕಾರ್ಕನ್ನೂ ಬೆರಳಿಂದ ಒತ್ತಿಹಿಡಿದು ಊದಿ. ಸ್ವರ ಬದಲಾದರೆ ಕಾರ್ಕ್ ಹೋಗಿದೆ, ಅದು ಸುಲಭದ ರಿಪೇರಿ.

ಶಹಾಪುರ ಶೆಹನಾಯಿ:
ಅಣ್ಣಾರ, 2006ರಲ್ಲಿ ಎಲ್ಕಾರ್ಟ್ ಕಾರ್ಖಾನೆಯಲ್ಲಿ ದೊಡ್ಡ ಮುಷ್ಕರ ಆಗಿತ್ತಂತೆ. ಆ ಹೊತ್ತಿನ ವಾದ್ಯ ತಗೋಬಾರದು ಅಂತಾರಲ್ಲ?

ಬ್ರಹ್ಮಪುರ ರಿಪೇರಿ:
ಮುಷ್ಕರ ಆಗಿದ್ದು ಹೌದು, ವರ್ಷಗಟ್ಟಲೆ ನಡೆಯಿತು. ಆದರೆ ಇವರ ಎರಡು ವಾದ್ಯವೂ ಆ ಕಾಲದ್ದಲ್ಲ. ಆ ಕಾಲದ್ದೇ ಆಗಿದ್ದರೂ ಊದಿ ನೋಡದೆ ಇಸವಿ ನೋಡಿ ಬೇಡ ಅನ್ನೋದು ನನಗೆ ಹಿಡಿಸಲ್ಲ. ಇಸವಿ ನೋಡಿ ಬೇಕು ಅನ್ನೋದೂ ಅಷ್ಟೇ.

ಮಂಗಲಪೇಟ ಬ್ಯೂಗಲ್:
ನೋಡಿದೆ ಸರ್. ಹೊಸದರಲ್ಲಿ ದುಂಡಗೆ ಕಾಣುತ್ತದೆ. ಹಳೇದರಲ್ಲಿ ಮೇಲಿನ ಅಂಚಿನಲ್ಲಿ ಚಂದ್ರ ಇದೆ, ಸಣ್ಣದೂ ಅಲ್ಲ. ಟಪ್ ಸದ್ದು ಎರಡರಲ್ಲೂ ಬಂತು, ಹಳೇದರಲ್ಲಿ ಕೊಂಚ ಮೆಲ್ಲಗೆ.

ಮುಚ್ಚಳ ತೆಗೆದು ಫೆಲ್ಟ್ ನೋಡಿದೆ. ಪಿಸ್ಟನ್ ಎಲ್ಲ ಹಳೇದು, ಫೆಲ್ಟ್ ಮಾತ್ರ ಹೊಚ್ಚ ಹೊಸದು, ಅಚ್ಚ ಬಿಳಿ. ಮಾವ ಮೊನ್ನೆ ಮೊನ್ನೆ ಒಂದು ಅಂಗಡಿಯಲ್ಲಿ ಸರ್ವಿಸ್ ಮಾಡಿಸಿದ್ದರಂತೆ. ಮೂರನೇ ವಾಲ್ವಿಗೆ ಎರಡು ಫೆಲ್ಟ್ ಒಂದರ ಮೇಲೊಂದು ಹಾಕಿದ್ದಾರೆ. ಅದು ಹಾಗೇ ಇರಬೇಕಾ?

ಬ್ರಹ್ಮಪುರ ರಿಪೇರಿ:
ಬೇಕಾಗಿಲ್ಲ. ವಾಲ್ವ್ ಕಟಕಟ ಅಂತಿತ್ತು ಅಂತ ಕಾಣುತ್ತೆ, ಸದ್ದು ನಿಲ್ಲಿಸೋಕೆ ದಪ್ಪ ಫೆಲ್ಟ್ ಹಾಕಿದ್ದಾರೆ. ಸದ್ದು ನಿಂತಿತು, ಸ್ವರವೂ ನಿಂತಿತು.

ಒಂದೇ ಕಂಪನಿಯ ಬೇರೆ ಬೇರೆ ಕಾಲದ ವಾದ್ಯ ಇಟ್ಟುಕೊಂಡವರು ಗಮನಿಸಬೇಕಾದ್ದು ಇಲ್ಲೇ ಇದೆ. ಹೆಸರು ಒಂದೇ, ಮಾಡೆಲ್ ನಂಬರ್ ಒಂದೇ ಅಂತ ಹೊಸ ಸೆಟ್ಟಿನ ಫೆಲ್ಟನ್ನು ಹಳೇದಕ್ಕೆ ಕಣ್ಣು ಮುಚ್ಚಿ ಹಾಕಬಾರದು. ಫೆಲ್ಟಿನ ದಪ್ಪ ವಾದ್ಯದಿಂದ ವಾದ್ಯಕ್ಕೆ ನೋಡಿಯೇ ಹಾಕಬೇಕು. ಹಳೇ ಫೆಲ್ಟ್ ಸಿಕ್ಕರೂ ಅದನ್ನೇ ಅಳತೆ ಅಂತ ನಂಬಬೇಡಿ, ಅದು ಒತ್ತಿ ಒತ್ತಿ ತೆಳ್ಳಗಾಗಿರುತ್ತದೆ.

ಈಗ ಏನು ಮಾಡಬೇಕು ಅಂದರೆ, ಮೂರನೇ ವಾಲ್ವಿನ ಒಂದು ಫೆಲ್ಟ್ ತೆಗೆದು ಮತ್ತೆ ಟಾರ್ಚ್ ಬಿಟ್ಟು ನೋಡಿ. ಚಂದ್ರ ಕೆಳಗಿನ ಅಂಚಿಗೆ ಬಂದರೆ ಜಾಸ್ತಿ ತೆಳುವಾಯಿತು. ಬೇರೆ ಬೇರೆ ದಪ್ಪದ ಫೆಲ್ಟ್ ಹಾಕಿ ತೂತು ದುಂಡಗೆ ಕಾಣುವವರೆಗೆ ನೋಡಿ. ಬ್ಲೇಡಿನಿಂದ ಫೆಲ್ಟ್ ಕೆರೆಯಬೇಡಿ, ಓರೆಯಾಗುತ್ತದೆ, ಪಿಸ್ಟನ್ ಒಂದು ಕಡೆ ತಾಗಿ ನಿಲ್ಲುತ್ತದೆ. ಮೊದಲನೇ, ಎರಡನೇ ವಾಲ್ವನ್ನು ಹೊರಗಿಂದ ಇಷ್ಟು ಸುಲಭವಾಗಿ ನೋಡೋಕಾಗಲ್ಲ. ಕಿವಿಯೊಳಗೆ ನೋಡುವ ಸಣ್ಣ ಕ್ಯಾಮೆರಾ ಆನ್‌ಲೈನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಅದು ಸಾಕು. ಗುಂಡಿಯ ಕೆಳಗಿನ ಫೆಲ್ಟ್ ಈಗ ಮುಟ್ಟಬೇಡಿ. ಒತ್ತಿದ ಸ್ವರ ಚೆನ್ನಾಗೇ ಇವೆಯಲ್ಲ.

ಎಣ್ಣೆ ಯಾವುದು ಹಾಕುತ್ತೀರಿ? ನಮ್ಮ ಕಡೆ ಬ್ಯಾಂಡಿನವರು ಕೊಬ್ಬರಿ ಎಣ್ಣೆ ಹಾಕೋದು ನೋಡಿದ್ದೇನೆ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೀದರಿನ ಚಳಿಗಾಲದಲ್ಲಿ ಬೆಳಗಿನ ವಾಲ್ವ್ ಏಳಲ್ಲ.

ಮಂಗಲಪೇಟ ಬ್ಯೂಗಲ್:
ವಾಲ್ವ್ ಎಣ್ಣೆಯೇ ಹಾಕ್ತೀನಿ, ಹೈದರಾಬಾದಿನಿಂದ ತರಿಸಿದ್ದು. ಫೆಲ್ಟ್ ಸರಿ ಮಾಡಿದೆ. ಏನು ಹೇಳಲಿ, ಬೇರೆ ವಾದ್ಯವೇ ಆಗಿದೆ! ಒತ್ತದ ಜಿ, ಮೇಲಿನ ಸಿ ಎರಡೂ ಬಿಚ್ಚಿಕೊಂಡವು. ಈಗ ಹಳೇದು ಹೊಸದಕ್ಕಿಂತ ಬೇಗ ನುಡಿಯುತ್ತದೆ ಅನ್ಸುತ್ತೆ. ಹೊಸದು ಸ್ವಲ್ಪ ದಪ್ಪ ದನಿ.

ಆದರೆ ಏರು ಬರೋದು ಇನ್ನೂ ಇದೆ. ಮೌತ್‌ಪೀಸ್ ಹಳೇದರಲ್ಲಿ ಹೆಚ್ಚು ಒಳಗೆ ಹೋಗುತ್ತದೆ. ಇನ್ನೊಂದು, ಮೌತ್‌ಪೀಸಿನ ನಂತರದ ಮೊದಲ ಕೊಳವೆ, ಅಂದರೆ ಲೀಡ್‌ಪೈಪಿನ ಮೇಲೆ ಒಂದು ಕಡೆ ಕೆಂಪಗೆ ಚುಕ್ಕೆ ಇದೆ.

ಬ್ರಹ್ಮಪುರ ರಿಪೇರಿ:
ಚುಕ್ಕೆಯಿಂದ ಶುರು ಮಾಡೋಣ, ಅದು ಮುಖ್ಯ. ಗುಲಾಬಿ ಅಥವಾ ಕೆಂಪು ಚುಕ್ಕೆ, ನಡುವೆ ಕಪ್ಪು ಬಿಂದು ಇದ್ದರೆ ಒಳಗಿಂದ ತಿಂದುಕೊಂಡು ಬಂದಿದೆ ಅಂತ ಅರ್ಥ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಉಗುಳು, ಕೊಳೆ ಒಳಗೆ ನಿಂತರೆ ಸತು ಹೊರಟುಹೋಗಿ ತಾಮ್ರ ಉಳಿಯುತ್ತದೆ, ಅದಕ್ಕೇ ಕೆಂಪು. ನಿಮ್ಮೂರಿನ ಬಿದರಿಯಲ್ಲಿ ಲೆಕ್ಕ ತಿರುವು ಮುರುವು, ಅಲ್ಲಿ ಸತುವೇ ಜಾಸ್ತಿ, ತಾಮ್ರ ಚೂರು. ಬಿದರಿ ಕೆಲಸದವರಿಗೆ ತೋರಿಸಿದರೂ ಲೋಹದ ಬಣ್ಣ ನೋಡಿ ಹೇಳಿಯಾರು. ಚುಕ್ಕೆಯನ್ನು ಉಗುರಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಇಂದಲ್ಲ ನಾಳೆ ಲೀಡ್‌ಪೈಪ್ ಬದಲಿಸಬೇಕು. ಬದಲಿಸಿದ ಮೇಲೆ ಅದು 1970ರ ದಶಕದ ವಾದ್ಯ ಅನ್ನೋದು ಅರ್ಧ ಮಾತ್ರ ನಿಜ. ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ.

ತೊಳೆಯುವಾಗ ಬೆಚ್ಚಗಿನ ನೀರು, ಪಾತ್ರೆ ಸೋಪು ಸಾಕು. ಬಿಸಿ ನೀರು ಲ್ಯಾಕರ್ (ಮೇಲಿನ ಹೊಳಪಿನ ಲೇಪ) ಕೀಳುತ್ತದೆ. ಬೋರ್‌ವೆಲ್ ನೀರಾದರೆ ಕೊನೆಗೆ ಫಿಲ್ಟರ್ ನೀರಿನಲ್ಲಿ ಜಾಲಾಡಿ, ಇಲ್ಲದಿದ್ದರೆ ಬಿಳಿ ಪೊರೆ ಕಟ್ಟುತ್ತದೆ.

ಮೌತ್‌ಪೀಸ್ ಒಳಗೆ ಹೋಗೋದು, ಅದು ಕೂರುವ ವಾದ್ಯದ ಬಾಯಿ ಸವೆದದ್ದಕ್ಕೆ. ಮೌತ್‌ಪೀಸಿನ ತುದಿಗೂ ಲೀಡ್‌ಪೈಪಿನ ಮೊದಲಿಗೂ ನಡುವೆ ಸಣ್ಣ ಸಂದು ಇರಬೇಕು, ಸಾಮಾನ್ಯವಾಗಿ 3 ಮಿಲಿಮೀಟರ್ ಆಸುಪಾಸು. ಅಳೆಯುವುದು ಹೀಗೆ: ತೆಳು ತಂತಿಯ ತುದಿ ಬಗ್ಗಿಸಿ ಒಳಗೆ ಬಿಡಿ, ಲೀಡ್‌ಪೈಪಿನ ಅಂಚಿಗೆ ಕೊಕ್ಕೆ ತಾಗುತ್ತದೆ, ಬಾಯಿಯ ಹತ್ತಿರ ತಂತಿಗೆ ಗುರುತು ಹಾಕಿ. ಮೌತ್‌ಪೀಸ್ ಎಷ್ಟು ಒಳಗೆ ಹೋಗುತ್ತದೆ ಅಂತ ಪೆನ್ಸಿಲ್ ಗೆರೆ ಹಾಕಿ. ಎರಡನ್ನೂ ಕಳೆಯಿರಿ. ಎರಡು ವಾದ್ಯದಲ್ಲೂ ಮಾಡಿ. ಮೌತ್‌ಪೀಸಿನ ತುದಿ ನೆಗ್ಗಿದೆಯಾ ಅಂತಲೂ ನೋಡಿ. ಮನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಉರುಳಿಸಿದರೆ ತುದಿ ಕುಣಿಯೋದು ಗೊತ್ತಾಗುತ್ತದೆ.

ಮತ್ತೆ, ಹಾರ್ಮೋನಿಯಂಗೆ ಹೋಲಿಸಿದ್ದು ಯಾವಾಗ? ಮಧ್ಯಾಹ್ನವಾ?

ಮಂಗಲಪೇಟ ಬ್ಯೂಗಲ್:
ಹೌದು, ಈಸ್ಟರ್ ಆದಮೇಲೆ, ಮಧ್ಯಾಹ್ನದ ಹೊತ್ತು. ಫ್ಯಾನ್ ಕೂಡ ಇರಲಿಲ್ಲ. ಹೊಸದನ್ನು ರಾತ್ರಿ ಮನೆಯಲ್ಲಿ ಹೋಲಿಸಿದ್ದು.

ಸಂದು ಅಳೆದೆ. ಹೊಸದರಲ್ಲಿ ಹೆಚ್ಚುಕಮ್ಮಿ 3, ಹಳೇದರಲ್ಲಿ 1 ಮಿಲಿಮೀಟರ್ ಇದ್ದಂತಿದೆ. ಚುಕ್ಕೆ ಗಟ್ಟಿ ಇದೆ.

ಬ್ರಹ್ಮಪುರ ರಿಪೇರಿ:
ಹಾಗಾದರೆ ಅರ್ಧ ಗುಟ್ಟು ಬಿಸಿಲಿನಲ್ಲೇ ಇದೆ. 20 ಡಿಗ್ರಿಯಲ್ಲಿ ಗಾಳಿಯೊಳಗೆ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. 40 ಡಿಗ್ರಿಯಲ್ಲಿ 355. ಕೊಳವೆ ಅಷ್ಟೇ ಉದ್ದ, ವೇಗ ಜಾಸ್ತಿ, ಸ್ವರ ಏರಲೇಬೇಕು. ಹಾರ್ಮೋನಿಯಂನ ಹಿತ್ತಾಳೆ ನಾಲಿಗೆ ಹಾಗೆ ಏರಲ್ಲ. ಯಾವ ಕಾಲದ ಟ್ರಂಪೆಟ್ ಆದರೂ ನಮ್ಮ ಏಪ್ರಿಲ್‌ನಲ್ಲಿ ಹೀಗೇ ಮಾಡುತ್ತದೆ. ಟ್ಯೂನಿಂಗ್ ಸ್ಲೈಡ್ ಹೊರಗೆ ಎಳೆಯಿರಿ, ಮುಗಿಯಿತು.

ಸಂದಿಗೆ ಒಂದು ಅಗ್ಗದ ಉಪಾಯ. ಮೌತ್‌ಪೀಸಿನ ಕಾಂಡಕ್ಕೆ ತೆಳು ಕಾಗದದ ಒಂದು ಪಟ್ಟಿ ಸುತ್ತಿ ಕೂರಿಸಿ, ಒಳಗೆ ಹೋಗೋದು ಕಡಿಮೆಯಾಗುತ್ತದೆ. ಇದು ಪರೀಕ್ಷೆಗಷ್ಟೇ. ಒಳ್ಳೇದಾಯಿತು ಅನಿಸಿದರೆ ಬಾಯಿ ಬದಲಿಸೋದು ಯೋಚನೆ ಮಾಡಿ.

ಆಮೇಲೆ ಎರಡನ್ನೂ ಒಂದೇ ಕೋಣೆ, ಒಂದೇ ಹೊತ್ತು, ಒಂದೇ ಮೌತ್‌ಪೀಸ್, ಎರಡನ್ನೂ ಮೊದಲೇ ಊದಿ ಬೆಚ್ಚಗೆ ಮಾಡಿ ಹೋಲಿಸಿ. ನೀವೇ ತೀರ್ಪು ಕೊಡಬೇಡಿ. ಕೈಯಲ್ಲಿ ಹಿಡಿದವರಿಗೆ ಯಾವುದು ಮಾವನದು ಅಂತ ಗೊತ್ತಿರುತ್ತದೆ, ಕಿವಿ ಅದಕ್ಕೆ ತಕ್ಕ ಹಾಗೆ ಕೇಳುತ್ತದೆ. ಬ್ಯಾಂಡಿನ ಇಬ್ಬರನ್ನು ಬೆನ್ನು ಹಾಕಿ ಕೂರಿಸಿ, ಯಾವುದು ಅಂತ ಹೇಳದೆ ಊದಿ.

ಮಂಗಲಪೇಟ ಬ್ಯೂಗಲ್:
ಕಾಗದ ಸುತ್ತಿದ ಮೇಲೆ ಮೇಲಿನ ಸ್ವರಗಳು ನಿಂತ ಜಾಗದಲ್ಲಿ ನಿಲ್ಲುತ್ತಿವೆ. ಬೆನ್ನು ಹಾಕಿ ಕೂತವರಲ್ಲಿ ಕ್ಲಾರಿನೆಟ್ ಊದುವವರು ಹಳೇದು ಬೇಕು ಅಂದರು, ಡ್ರಮ್ಮಿನವರು ಹೊಸದು. ಡ್ರಮ್ಮಿನವರ ಮಾತು ಎಷ್ಟು ನಂಬಬೇಕೋ ನೀವೇ ಹೇಳಿ.

ಹಳೇದನ್ನು ಕೊಳ್ಳುತ್ತೇವೆ ಅಂದಿದ್ದ ಹೈದರಾಬಾದಿನವರಿಗೆ ಫೆಲ್ಟ್, ಚುಕ್ಕೆ, ಸಂದು ಎಲ್ಲ ಬರೆದು ಕಳಿಸಿದೆ. ರೇಟು ಇಳಿಸಿದ್ದಾರೆ. ಆ ರೇಟಿಗೆ ಕೊಡಲ್ಲ ಅಂದೆ. ಹೊಸದನ್ನು ಮಾರುತ್ತೇನೆ, ಕಲಬುರಗಿ ಕಡೆ ಯಾರಿಗಾದರೂ ಬೇಕಿದ್ದರೆ ಇಲ್ಲೇ ಹೇಳಿ. ಬಂದು ಊದಿ ನೋಡಿಯೇ ತಗೊಳ್ಳಿ.

ಶಹಾಪುರ ಶೆಹನಾಯಿ:
ಅಣ್ಣಾ, ಅದರ ಜೊತೆ ಕೇಸ್ ಕೊಡ್ತೀಯಾ?